ಗಾಜಿನ ಅರಮನೆಯ ಲೆಕ್ಕಪತ್ರ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೆಂಡತಿ ಮಕ್ಕಳೊಡನೆ ಮನೆಗೆ ಬಂದಿದ್ದನು. ಹೆಸರು ಹೇಳುವುದು ಬೇಡ. ಅವನ ತರಗತಿಯವರು ಇದನ್ನು ಓದುವಾಗ ತಾವೇ ಊಹಿಸಿಕೊಳ್ಳುವರು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಏನು ಕೆಲಸವಪ್ಪಾ ಎಂದು ಕೇಳಿದೆ. "ಅಂದಾಜು ಪಟ್ಟಿ ಬರೆಯುವುದು ಮೇಷ್ಟ್ರೇ" ಎಂದನು. ಪರದೇಶದ ಗಿರಾಕಿಯೊಬ್ಬ ತನಗೆ ಇಂಥದೊಂದು ವ್ಯವಸ್ಥೆ ಬೇಕು ಎನ್ನುತ್ತಾನಂತೆ. ಅದಕ್ಕೆ ಎಷ್ಟು ಜನ ಬೇಕು, ಎಷ್ಟು ತಿಂಗಳು ಹಿಡಿಯುತ್ತದೆ, ಎಷ್ಟು ಹಣವಾಗುತ್ತದೆ ಎಂಬುದನ್ನು ಇವನು ಒಂದು ವಾರದೊಳಗೆ ಬರೆದು ಕೊಡಬೇಕಂತೆ. ಆರು ಜನ, ಎಂಟು ತಿಂಗಳು ಎಂದು ಇವನು ಬರೆದಿದ್ದ ಕೆಲಸವೊಂದು ಹದಿನಾಲ್ಕು ತಿಂಗಳಾದರೂ ಮುಗಿಯದೆ, ನಡುವೆ ಇನ್ನೂ ನಾಲ್ವರನ್ನು ಸೇರಿಸಿದ ಮೇಲೆ ಇನ್ನಷ್ಟು ನಿಧಾನವಾಗಿ, ಕೊನೆಗೆ ಇವನ ತಲೆಯ ಮೇಲೆ ಬಂದಿತೆಂದು ನಗುತ್ತಲೇ ಹೇಳಿಕೊಂಡನು. ನಗುವಿನ ಹಿಂದೆ ನಗುವಿರಲಿಲ್ಲ.

ಆಮೇಲೆ ಕಾಫಿ ಲೋಟವನ್ನು ಕೆಳಗಿಟ್ಟು ಒಂದು ಮಾತು ಹೇಳಿದನು. "ಏಳನೆಯ ತರಗತಿಯಲ್ಲಿ ತಾವು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಿದೆಯೇ?"

ನನಗೆ ನೆನಪಿರಲಿಲ್ಲ. ಅವನೇ ನೆನಪಿಸಿದನು. ಗಣಿತದ ಅಧ್ಯಾಪಕರ ಹುದ್ದೆ ಖಾಲಿ ಇದ್ದ ಆ ವರ್ಷ ಸಮಾಜ ಪಾಠದ ಜೊತೆಗೆ ಕೆಳಗಿನ ತರಗತಿಗಳ ಗಣಿತವೂ ನನ್ನ ಪಾಲಿಗೆ ಬಂದಿತ್ತು. ಕಾಲ ಮತ್ತು ಕೆಲಸದ ಲೆಕ್ಕ. ಹತ್ತು ಜನ ಒಂದು ಗೋಡೆಯನ್ನು ಹದಿನೈದು ದಿನಗಳಲ್ಲಿ ಕಟ್ಟಿದರೆ ನೂರೈವತ್ತು ಜನ ಎಷ್ಟು ದಿನಗಳಲ್ಲಿ ಕಟ್ಟುವರು? ಎಲ್ಲರೂ ಒಂದು ದಿನ ಎಂದರು. ಇವನೊಬ್ಬ ಎದ್ದು, "ಅಷ್ಟು ಜನ ನಿಲ್ಲುವುದಕ್ಕೆ ಆ ಗೋಡೆಯ ಹತ್ತಿರ ಜಾಗವೆಲ್ಲಿದೆ ಮೇಷ್ಟ್ರೇ?" ಎಂದು ಕೇಳಿದನಂತೆ. ಅದನ್ನು ನಾನು ಉದ್ಧಟತನವೆಂದು ತಿಳಿದು ಬೆಂಚು ಹತ್ತಿಸಿದೆನಂತೆ. ಈ ವಯಸ್ಸಿನಲ್ಲಿ ಇಂತಹ ಸಂಗತಿಗಳು ಒಂದೊಂದಾಗಿ ಮನೆಗೆ ಬಂದು ಕದ ತಟ್ಟುತ್ತವೆ. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ ಎಂಬುದೇ ನಿಜವಾದ ಕಾರಣವಿರಬೇಕು.

ಹೊರಡುವ ಮುನ್ನ ಅವನು ಇನ್ನೊಂದು ಪ್ರಶ್ನೆ ಹಾಕಿದನು. "ಚರಿತ್ರೆಯಲ್ಲಿ ಯಾರಾದರೂ ಒಬ್ಬರಾದರೂ ಅಂದಾಜನ್ನು ಸರಿಯಾಗಿ ಮಾಡಿದ್ದುಂಟೇ?" ಎಂದು. ಆಗ ಬಾಯಿಗೆ ಬಂದ ಉತ್ತರ ಲಂಡನ್ನಿನ ಗಾಜಿನ ಅರಮನೆ. ಅವಸರದಲ್ಲಿ ಅರ್ಧವಷ್ಟೇ ಹೇಳಿದೆ. ಉಳಿದರ್ಧವೇ ಮುಖ್ಯವೆಂದು ಅವರು ಹೋದಮೇಲೆ ಹೊಳೆಯಿತು. ಬೆಂಚಿನ ಬಾಕಿಯೂ ಒಂದಿದೆಯಲ್ಲ, ಆದ್ದರಿಂದ ಪೂರ್ತಿಯಾಗಿ ಬರೆಯುತ್ತಿದ್ದೇನೆ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸಕಲ ರಾಷ್ಟ್ರಗಳ ಕೈಗಾರಿಕಾ ವಸ್ತುಪ್ರದರ್ಶನವನ್ನು ಏರ್ಪಡಿಸಬೇಕೆಂದು ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರ, ಹೆನ್ರಿ ಕೋಲ್ ಮೊದಲಾದವರು ಸಂಕಲ್ಪ ಮಾಡಿದರು. 1850ರ ಜನವರಿಯಲ್ಲಿ ಅದಕ್ಕಾಗಿ ಒಂದು ರಾಜ ಆಯೋಗ ನೇಮಕವಾಯಿತು. ಪ್ರದರ್ಶನದ ಆರಂಭಕ್ಕೆ 1851ರ ಮೇ 1 ಎಂದು ದಿನವೂ ನಿಗದಿಯಾಯಿತು. ನಮ್ಮ ಊರುಗಳಲ್ಲಿ ಮದುವೆಯ ಲಗ್ನಪತ್ರಿಕೆ ಹಂಚಿದ ಮೇಲೆ ಮಂಟಪ ಹುಡುಕುವವರಿದ್ದಾರಲ್ಲ, ಆಯೋಗದ ಪರಿಸ್ಥಿತಿಯೂ ಹಾಗೆಯೇ ಆಯಿತು. ಕಟ್ಟಡದ ನಕ್ಷೆಗಳಿಗಾಗಿ ಸ್ಪರ್ಧೆ ಏರ್ಪಡಿಸಿದರು, 245 ನಕ್ಷೆಗಳು ಬಂದವು, ಒಂದೂ ಒಪ್ಪಿಗೆಯಾಗಲಿಲ್ಲ. ಕಟ್ಟಡ ಸಮಿತಿಯಲ್ಲಿದ್ದವರಾದರೂ ಸಾಮಾನ್ಯರಲ್ಲ. ಬ್ರೂನೆಲ್, ರಾಬರ್ಟ್ ಸ್ಟೀಫನ್‌ಸನ್, ಚಾರ್ಲ್ಸ್ ಬ್ಯಾರಿ, ವಿಲಿಯಂ ಕ್ಯೂಬಿಟ್, ಹೀಗೆ ಆ ಕಾಲದ ಘಟಾನುಘಟಿಗಳು. ಅವರೆಲ್ಲ ಕೂಡಿ ತಾವೇ ಒಂದು ನಕ್ಷೆ ತಯಾರಿಸಿದರು. ಸುಮಾರು ಒಂದೂವರೆ ಕೋಟಿ ಇಟ್ಟಿಗೆಗಳ ಕಟ್ಟಡ, ನಡುವೆ ಇನ್ನೂರು ಅಡಿ ಅಡ್ಡಳತೆಯ ಕಬ್ಬಿಣದ ಗುಮ್ಮಟ. ರೋಮಿನ ಸೇಂಟ್ ಪೀಟರ್ ದೇವಾಲಯದ ಗುಮ್ಮಟವೂ ಇದರ ಮುಂದೆ ಚಿಕ್ಕದು. ಆರು ತಿಂಗಳು ನಿಂತು ಬಳಿಕ ಕೆಡವಬೇಕಾದ ಚಪ್ಪರಕ್ಕೆ ಒಂದೂವರೆ ಕೋಟಿ ಇಟ್ಟಿಗೆ! ಅಷ್ಟು ಇಟ್ಟಿಗೆಗಳನ್ನು ಸುಡುವುದು ಎಲ್ಲಿ, ಸಾಗಿಸುವುದು ಹೇಗೆ, ಚಳಿಗಾಲದಲ್ಲಿ ಗಾರೆ ಒಣಗುವುದು ಯಾವಾಗ ಎಂದು ಜನ ಕೇಳತೊಡಗಿದರು. ಹೈಡ್ ಪಾರ್ಕಿನ ಎಲ್ಮ್ ಮರಗಳನ್ನು ಕಡಿಯಬಾರದೆಂದು ಸಂಸತ್ತಿನಲ್ಲಿ ಕರ್ನಲ್ ಸಿಬ್‌ಥಾರ್ಪ್ ಗದ್ದಲವೆಬ್ಬಿಸಿದನು. ದೊಡ್ಡವರು ಸೇರಿ ಮಾಡಿದ ಅಂದಾಜು ಕೆಡುವುದು ಹೀಗೆಯೇ ಎಂದು ನನಗೆ ತೋರುತ್ತದೆ. ಪ್ರತಿಯೊಬ್ಬನೂ ತನಗೆ ಪ್ರಿಯವಾದ ಒಂದು ಗುಮ್ಮಟವನ್ನು ಅದರೊಳಗೆ ಸೇರಿಸುತ್ತಾನೆ.

ಆಗ ರಂಗಕ್ಕೆ ಬಂದವನು ಜೋಸೆಫ್ ಪ್ಯಾಕ್ಸ್‌ಟನ್, ಒಬ್ಬ ತೋಟಗಾರ. ಡೆವನ್‌ಷೈರ್ ಡ್ಯೂಕನ ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ ಗಿಡಗಳಿಗೆಂದು ಗಾಜಿನ ಮನೆಗಳನ್ನು ಕಟ್ಟಿ ಕಟ್ಟಿ ಪಳಗಿದ ಕೈ. ದಕ್ಷಿಣ ಅಮೆರಿಕದ ದೈತ್ಯ ತಾವರೆ ವಿಕ್ಟೋರಿಯಾ ರೀಜಿಯಾ 1849ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಅರಳಿದ್ದು ಇವನ ಆರೈಕೆಯಲ್ಲಿ. ಮಿಡ್ಲೆಂಡ್ ರೈಲ್ವೆಯ ನಿರ್ದೇಶಕನೂ ಆಗಿದ್ದ ಇವನು 1850ರ ಜೂನ್ 11ರಂದು ಡರ್ಬಿಯಲ್ಲಿ ನಡೆದ ಒಂದು ಸಭೆಯಲ್ಲಿ ಕುಳಿತಿದ್ದಾಗ, ಎದುರಿಗಿದ್ದ ಗುಲಾಬಿ ಬಣ್ಣದ ಶಾಯಿ ಹೀರುವ ಕಾಗದದ ಮೇಲೆ ಒಂದು ಗಾಜಿನ ಭವನದ ಗೀಟುಚಿತ್ರ ಬರೆದನು. ಆ ಕಾಗದ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. (ಸಭೆಗಳಲ್ಲಿ ಕುಳಿತು ಕಾಗದದ ಮೇಲೆ ಗೀಚುವವರನ್ನು ನಾನು ಸೇವೆಯಲ್ಲಿದ್ದಾಗ ಬಹಳ ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ನಮ್ಮಿಂದ ಮಾತ್ರ ಅರಮನೆ ಹುಟ್ಟಲಿಲ್ಲ.) ಒಂಬತ್ತು ಹತ್ತು ದಿನಗಳಲ್ಲಿ ಪೂರ್ಣ ನಕ್ಷೆ ಸಿದ್ಧವಾಯಿತು. ಜುಲೈ 6ರ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯಲ್ಲಿ ಅದರ ಚಿತ್ರ ಅಚ್ಚಾಗಿ ಜನರ ಮನಸ್ಸನ್ನು ಗೆದ್ದಿತು.

ಆದರೆ ಚಿತ್ರ ಬೇರೆ, ದರ ಬೇರೆ. ಆಯೋಗವು ಸಮಿತಿಯ ಇಟ್ಟಿಗೆ ಕಟ್ಟಡಕ್ಕೆ ಟೆಂಡರು ಕರೆದಿತ್ತು; ಕೊನೆಯ ದಿನ ಜುಲೈ 10. ಗುತ್ತಿಗೆದಾರರು ಬೇಕಿದ್ದರೆ ನಕ್ಷೆಗೆ ಸುಧಾರಣೆಗಳನ್ನು ಸೂಚಿಸಬಹುದೆಂಬ ಒಂದು ಸಣ್ಣ ವಾಕ್ಯ ಅದರಲ್ಲಿತ್ತು. ಆ ವಾಕ್ಯವೆಂಬ ಕಿಂಡಿಯಿಂದಲೇ ಗಾಜಿನ ಅರಮನೆ ಒಳಗೆ ಬಂದಿತು. ಬರ್ಮಿಂಗ್‌ಹ್ಯಾಮಿನ ಬಳಿಯ ಸ್ಮೆಥಿಕ್‌ನಲ್ಲಿದ್ದ ಫಾಕ್ಸ್ ಹೆಂಡರ್ಸನ್ ಎಂಬ ಗುತ್ತಿಗೆ ಸಂಸ್ಥೆಯನ್ನು ಪ್ಯಾಕ್ಸ್‌ಟನ್ ಹಿಡಿದನು. ಅದರ ಚಾರ್ಲ್ಸ್ ಫಾಕ್ಸ್ ರೈಲುಮಾರ್ಗಗಳಲ್ಲಿ ಪಳಗಿದ ಎಂಜಿನಿಯರು; ಜೊತೆಗಾರ ಜಾನ್ ಹೆಂಡರ್ಸನ್. ಅದೇ ಸ್ಮೆಥಿಕ್‌ನಲ್ಲಿ ಚಾನ್ಸ್ ಸಹೋದರರ ಗಾಜಿನ ಕಾರ್ಖಾನೆಯೂ ಇತ್ತು. ಒಂದೇ ವಾರದಲ್ಲಿ ಇವರೆಲ್ಲ ಕುಳಿತು, ಇಡೀ ಕಟ್ಟಡಕ್ಕೆ ಬೇಕಾಗುವ ಕಬ್ಬಿಣದ ಒಂದೊಂದು ಪೌಂಡು, ಮರದ ಒಂದೊಂದು ಅಂಗುಲ, ಗಾಜಿನ ಒಂದೊಂದು ಹಾಳೆ, ಕೂಲಿಯ ಒಂದೊಂದು ದಿನ ಇವನ್ನೆಲ್ಲ ಲೆಕ್ಕ ಹಾಕಿ ಮುಗಿಸಿದರು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ 1851ರ ಜನವರಿಯಲ್ಲೇ ಈ ಒಂದು ವಾರದ ಕಥೆ ಪ್ರಕಟವಾಗಿತ್ತು. ಅಂದಾಜು ಪಟ್ಟಿಯೊಂದು ಜನರಿಗೆ ಕುತೂಹಲದ ಓದಾದದ್ದು ಅದಕ್ಕೆ ಮೊದಲು ಉಂಟೋ ಇಲ್ಲವೋ. ಟೆಂಡರಿನ ಮೊತ್ತ 79,800 ಪೌಂಡು.

ಒಂದು ವಾರದಲ್ಲಿ ಅದು ಸಾಧ್ಯವಾದದ್ದು ಹೇಗೆ? ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಈ ಭಾಗವನ್ನೇ.

ಆ ಕಟ್ಟಡವನ್ನು ನೋಡುವವನಿಗೆ ಅದು ಕಣ್ಣು ಕೋರೈಸುವ ಮಹಾಸೌಧ. ಲೆಕ್ಕ ಹಾಕುವವನಿಗೆ ಮಾತ್ರ ಅದೊಂದು ಗುಣಾಕಾರ. ಚಾನ್ಸ್ ಸಹೋದರರು ತಯಾರಿಸಬಲ್ಲವರಾಗಿದ್ದ ಗಾಜಿನ ಹಾಳೆಯ ಉದ್ದ 49 ಅಂಗುಲ, ಅಗಲ 10 ಅಂಗುಲ. ಆ ಹಾಳೆಗಳನ್ನು ಎದುರುಬದುರಾಗಿ ವಾಲಿಸಿ ಹೊದಿಸಿದರೆ ಎಂಟು ಅಡಿ ಅಗಲದ ಒಂದು ಪುಟ್ಟ ಮಾಡು ಆಗುತ್ತದೆ. ಅಂತಹ ಮೂರು ಮಾಡುಗಳಿಗೆ 24 ಅಡಿ. ಆದ್ದರಿಂದ ಕಂಬದಿಂದ ಕಂಬಕ್ಕೆ 24 ಅಡಿ. ಕಟ್ಟಡದ ಅಗಲ 408 ಅಡಿ, ಅಂದರೆ ಹದಿನೇಳು ಇಪ್ಪತ್ನಾಲ್ಕು. ಉದ್ದ 1,848 ಅಡಿ, ಅಂದರೆ ಎಪ್ಪತ್ತೇಳು ಇಪ್ಪತ್ನಾಲ್ಕು. 1851ನೆಯ ಇಸವಿಯ ನೆನಪಿಗಾಗಿ 1,851 ಅಡಿ ಉದ್ದ ಕಟ್ಟಿದರೆಂದು ಬಹಳ ಕಡೆ ಬರೆದಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ 1,851 ಇಪ್ಪತ್ನಾಲ್ಕರಿಂದ ಭಾಗವಾಗುವುದಿಲ್ಲ. ನಡುವಣ ಓಣಿಯ ಅಗಲ 72 ಅಡಿ, ಮೂರು ಇಪ್ಪತ್ನಾಲ್ಕು. ಹೀಗೆ ಒಂದು ಗಾಜಿನ ಹಾಳೆಯ ಅಳತೆಯೇ ಇಡೀ ಅರಮನೆಯ ಅಳತೆಯಾಯಿತು.

ಅದರ ಫಲವನ್ನು ನೋಡಿ. 3,300 ಎರಕದ ಕಂಬಗಳ ಹೊರಸುತ್ತಿನ ಅಳತೆ ಒಂದೇ. ಹೆಚ್ಚು ಭಾರ ಹೊರಬೇಕಾದ ಕಡೆ ಒಳಗಿನ ಕಬ್ಬಿಣವನ್ನು ಮಾತ್ರ ದಪ್ಪ ಮಾಡಿದರು. ಹಾಗಾಗಿ ಮೇಲೆ ಕೂರುವ ತೊಲೆಗಳೆಲ್ಲ ಒಂದೇ ಅಚ್ಚಿನವು ಆಗಬಹುದಿತ್ತು, ಯಾವ ತೊಲೆ ಯಾವ ಕಂಬಕ್ಕೂ ಹೊಂದುತ್ತಿತ್ತು. ಕಂಬಗಳು ಪೊಳ್ಳಾಗಿದ್ದುದರಿಂದ ಮಾಡಿನ ಮಳೆನೀರು ಅವುಗಳೊಳಗಿಂದಲೇ ಇಳಿದುಹೋಗುತ್ತಿತ್ತು. ಬೇರೆ ಕೊಳವೆಯ ಖರ್ಚಿಲ್ಲ. ಒಂದು ಬಿಡಿಭಾಗವೂ ಒಂದು ಟನ್ನಿಗಿಂತ ಹೆಚ್ಚು ತೂಕವಿರಲಿಲ್ಲ. ಕುದುರೆ, ಹಗ್ಗ, ರಾಟೆಗಳಲ್ಲೇ ಎತ್ತಬಹುದಿತ್ತು, ದೊಡ್ಡ ಯಂತ್ರಗಳಿಗಾಗಿ ಕಾಯಬೇಕಾಗಿರಲಿಲ್ಲ. ಗಾಜಿನ ಹಾಳೆಗಳ ಸಂಖ್ಯೆ 2,93,655. ಗಾಜು ಹಿಡಿಯುವ ಮರದ ಪಟ್ಟಿಗಳ ಒಟ್ಟು ಉದ್ದ 205 ಮೈಲಿ, ನೀರು ಹರಿಯುವ ಮರದ ದೋಣಿಗಳ ಉದ್ದ 24 ಮೈಲಿ. ಇವೆಲ್ಲ ಭಯ ಹುಟ್ಟಿಸುವ ಅಂಕಿಗಳಂತೆ ತೋರುತ್ತವೆ. ಆದರೆ ಒಂದು ಹಾಳೆಗೆ ಎಷ್ಟು ಬೆಲೆ, ಒಂದು ಹಾಳೆ ಕೂರಿಸಲು ಎಷ್ಟು ನಿಮಿಷ ಎಂಬುದು ಗೊತ್ತಾದರೆ ಉಳಿದುದನ್ನು ಆರನೆಯ ತರಗತಿಯ ಹುಡುಗನೂ ಮಾಡಬಲ್ಲನು. ಇಟ್ಟಿಗೆ ಗುಮ್ಮಟದ ಸಮಿತಿಯವರು ಹೊರಟದ್ದು ಒಟ್ಟು ಮೊತ್ತವನ್ನು ಊಹಿಸಲು. ಫಾಕ್ಸ್ ಊಹಿಸಲಿಲ್ಲ, ಎಣಿಸಿದನು. ಎಣಿಸಲು ಬರುವಂತಹ ಕಟ್ಟಡವನ್ನು ಪ್ಯಾಕ್ಸ್‌ಟನ್ ಅವನ ಕೈಗೆ ಕೊಟ್ಟಿದ್ದನು.

ಬೇಲಿಯ ಹಲಗೆಗಳ ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು. ಕೆಲಸದ ಸ್ಥಳದ ಸುತ್ತ ಮೊದಲು ಹಲಗೆಗಳ ಬೇಲಿ ಹಾಕಬೇಕಲ್ಲವೇ? ಕಟ್ಟಡ ಮುಗಿಯುತ್ತಿದ್ದಂತೆ ಅದೇ ಹಲಗೆಗಳನ್ನು ಬಿಚ್ಚಿ ಒಳಗೆ ನೆಲಕ್ಕೆ ಹಾಸಿದರು. ನಡುನಡುವೆ ಸಣ್ಣ ಸಂದು ಬಿಟ್ಟರು, ಧೂಳು ಕೆಳಕ್ಕೆ ಬೀಳಲೆಂದು. ಗುಡಿಸಲು ಯಂತ್ರಗಳನ್ನೂ ಯೋಚಿಸಿದ್ದರಂತೆ. ಆದರೆ ನೋಡಲು ಬಂದ ಹೆಂಗಸರ ನೆಲ ಸವರುವ ಲಂಗಗಳೇ ಆ ಕೆಲಸವನ್ನು ಮಾಡಿ ಮುಗಿಸಿದವೆಂದು ಹೇಳುತ್ತಾರೆ. ನಮ್ಮ ಅಜ್ಜಿ ಹಳೆಯ ಸೀರೆಯನ್ನು ಮೊದಲು ಕೌದಿಗೆ, ಕೌದಿ ಹರಿದಮೇಲೆ ಒರಸುಬಟ್ಟೆಗೆ, ಅದೂ ಜೀರ್ಣವಾದಮೇಲೆ ದೀಪದ ಬತ್ತಿಗೆ ಎಂದು ಮನಸ್ಸಿನಲ್ಲೇ ನಿಗದಿ ಮಾಡುತ್ತಿದ್ದಳು. ಆ ಜಾತಿಯ ಲೆಕ್ಕ ಇದು.

ಜುಲೈ 30ರಂದು ಸ್ಥಳ ಗುತ್ತಿಗೆದಾರರ ವಶಕ್ಕೆ ಬಂದಿತು. ಫಾಕ್ಸ್ ದಿನಕ್ಕೆ ಹದಿನೆಂಟು ಗಂಟೆಗಳಂತೆ ಏಳು ವಾರ ಕುಳಿತು ಬಿಡಿಭಾಗಗಳ ನಕ್ಷೆಗಳನ್ನು ತಾನೇ ಬರೆದನು. ಒಂದು ಸಂಜೆ ಅವನು ಲಂಡನ್ನಿನ ಪೋರ್ಟ್‌ಲೆಂಡ್ ಪ್ಲೇಸ್ ಎಂಬ ಬೀದಿಗೆ ಹೋಗಿ 1,848 ಅಡಿಯನ್ನು ಅಳೆದು ನೋಡಿದನಂತೆ. ಬೀದಿಯ ಉದ್ದವೂ ಕಟ್ಟಡದ ಉದ್ದವೂ ಹೆಚ್ಚುಕಡಿಮೆ ಒಂದೇ. ಅಗಲದಲ್ಲಾದರೋ ಕಟ್ಟಡವು ಆ ಬೀದಿಯ ಮೂರರಷ್ಟು. ತಾನು ಕಾಗದದ ಮೇಲೆ ಒಪ್ಪಿಕೊಂಡದ್ದು ಎಷ್ಟು ಎಂಬುದು ಅವನ ಕಣ್ಣಿಗೆ ಮೊದಲ ಬಾರಿಗೆ ಬಿದ್ದದ್ದು ಆ ಸಂಜೆ. ಟೆಂಡರು ಬರೆದಾದ ಮೇಲೆ! ಇಂತಹ ಸಂಜೆ ನನ್ನ ವಿದ್ಯಾರ್ಥಿಯ ಬಾಳಿನಲ್ಲಿಯೂ ಬಂದಿರಲೇಬೇಕು.

ಸೆಪ್ಟೆಂಬರ್ 26ರಂದು ಮೊದಲ ಕಂಬ ನಿಂತಿತು. ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ಹೊತ್ತಿಗೂ ಕರಾರುಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಅದು ಬಿದ್ದದ್ದು ಅಕ್ಟೋಬರಿನ ಕೊನೆಗೆ. ಕಾಯುತ್ತ ಕುಳಿತರೆ ಮೇ 1 ತಪ್ಪುತ್ತದೆಂದು ಫಾಕ್ಸ್ ಹೆಂಡರ್ಸನ್ ಸಂಸ್ಥೆ ಬಾಯಿಮಾತಿನ ಒಪ್ಪಿಗೆಯ ಮೇಲೆಯೇ ಸ್ವಂತ ಹಣ ಸುರಿದು ಕೆಲಸ ಆರಂಭಿಸಿತ್ತು. ಆರಂಭದಲ್ಲಿ ಕೆಲವೇ ಹತ್ತು ಜನರಿದ್ದ ಜಾಗದಲ್ಲಿ ಡಿಸೆಂಬರಿನ ವೇಳೆಗೆ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ಇಲ್ಲಿಯೇ ಆ ಬೆಂಚಿನ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಎರಡು ಸಾವಿರ ಜನ ನಿಲ್ಲಲು ಜಾಗ ಹೇಗಾಯಿತು? ಕೆಲಸವನ್ನು ಅದಕ್ಕೆ ತಕ್ಕಂತೆ ಹರಡಿದ್ದರು. ಕಂಬ ನಿಲ್ಲಿಸುವವರು ಒಂದು ತುದಿಯಲ್ಲಿ ಮುಂದೆ ಹೋಗುತ್ತಿದ್ದರೆ ಅವರ ಹಿಂದೆ ತೊಲೆಯವರು, ಅವರ ಹಿಂದೆ ಮಾಡಿನವರು, ಅವರ ಹಿಂದೆ ಗಾಜಿನವರು, ನಾಟಿಯ ಗದ್ದೆಯಲ್ಲಿ ಸಾಲು ಸಾಗುವಂತೆ. ಸ್ಥಳಕ್ಕೆ ಬಂದ ತೊಲೆಗಳನ್ನು ಅಲ್ಲಿಯೇ ಜಲಶಕ್ತಿಯ ಒತ್ತುಯಂತ್ರದಲ್ಲಿಟ್ಟು ಪರೀಕ್ಷಿಸಿ ಮೇಲೇರಿಸುತ್ತಿದ್ದರು. ಗಾಜು ಹೊದಿಸುವವರಿಗೆ ಚಕ್ರಗಳುಳ್ಳ ಗಾಡಿಗಳು. ಮಾಡಿನ ನೀರುದೋಣಿಗಳೇ ಅವಕ್ಕೆ ಹಳಿ. ಮಳೆ ಬಂದರೂ ಕೆಲಸ ನಿಲ್ಲದಂತೆ ಗಾಡಿಗೆ ಮೇಲುಹೊದಿಕೆ. 80 ಜನ ಒಂದೇ ವಾರದಲ್ಲಿ 18,000ಕ್ಕೂ ಹೆಚ್ಚು ಹಾಳೆಗಳನ್ನು ಕೂರಿಸಿದ್ದುಂಟು. ಒಬ್ಬನೇ ಒಂದು ದಿನದಲ್ಲಿ 108 ಹಾಳೆ ಕೂರಿಸಿದ್ದೂ ಉಂಟು. ಆದರೆ ಮನುಷ್ಯರು ಎರಕದ ಕಂಬಗಳಲ್ಲವಲ್ಲ; ಆ ಚಳಿಗಾಲದಲ್ಲಿ ಗಾಜಿನ ಕೆಲಸಗಾರರು ಹೆಚ್ಚಿನ ಕೂಲಿಗಾಗಿ ಮುಷ್ಕರವನ್ನೂ ಹೂಡಿದರು. ಅದು ಫಾಕ್ಸನ ಪಟ್ಟಿಯಲ್ಲಿ ಇದ್ದಿರಲಾರದು.

ಸಿಬ್‌ಥಾರ್ಪನ ಎಲ್ಮ್ ಮರಗಳು? ಅವನ್ನು ಕಡಿಯಲಿಲ್ಲ. ಮೊದಲ ನಕ್ಷೆಯಲ್ಲಿ ಇಲ್ಲದಿದ್ದ 108 ಅಡಿ ಎತ್ತರದ ಒಂದು ಕಮಾನು ಅಡ್ಡಸಾಲನ್ನು ನಡುವೆ ಸೇರಿಸಿ ಮರಗಳನ್ನು ಕಟ್ಟಡದ ಒಳಗೇ ಉಳಿಸಿಕೊಂಡರು. ನೋಡಲು ಬಂದವರು ಹೆಚ್ಚು ಮೆಚ್ಚಿದ್ದು ಅದನ್ನೇ.

1851ರ ಫೆಬ್ರವರಿಯಲ್ಲಿ ಪ್ರದರ್ಶನದ ಸರಕುಗಳನ್ನು ಒಳಗೆ ತುಂಬಲು ಆರಂಭಿಸಿದರು. ಮಳೆಗೆ ಅಲ್ಲಲ್ಲಿ ಸೋರಿತು, ಅದನ್ನು ಮುಚ್ಚಿಡುವುದು ಬೇಡ. ಮೇ 1ರಂದು, ನಿಗದಿಯಾದ ದಿನವೇ, ವಿಕ್ಟೋರಿಯಾ ರಾಣಿ ಪ್ರದರ್ಶನವನ್ನು ಆರಂಭಿಸಿದಳು. ಅಕ್ಟೋಬರಿನಲ್ಲಿ ಮುಚ್ಚುವ ಹೊತ್ತಿಗೆ ಅರುವತ್ತು ಲಕ್ಷಕ್ಕೂ ಮೀರಿದ ಪ್ರವೇಶಗಳು. ನಮ್ಮ ದೇಶದಿಂದ ಹೋದ ಕೊಹಿನೂರು ವಜ್ರವೂ ಅಲ್ಲಿ ಪಂಜರದೊಳಗೆ ಕುಳಿತಿತ್ತು. ಖರ್ಚೆಲ್ಲ ಕಳೆದು ಉಳಿದ ಹಣ ಸುಮಾರು 1,86,000 ಪೌಂಡು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿರುವ ದೊಡ್ಡ ವಸ್ತುಸಂಗ್ರಹಾಲಯಗಳ ಮೂಲಧನ ಅದೇ. ಪ್ಯಾಕ್ಸ್‌ಟನ್, ಫಾಕ್ಸ್, ಕ್ಯೂಬಿಟ್ ಮೂವರಿಗೂ ಸರ್ ಪದವಿ ದೊರೆಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತದೆ, ಆ ದಿನ ನಾನು ನಿಲ್ಲಿಸಿದ್ದೂ ಇಲ್ಲಿಗೇ. ಆದರೆ ಲೆಕ್ಕಪತ್ರವನ್ನು ಎರಡೂ ಬದಿಗೆ ಓದಬೇಕು. ಪ್ರದರ್ಶನದ ಆಯೋಗಕ್ಕೆ ಲಾಭ, ಕಟ್ಟಿದವರಿಗೆ?

79,800 ಪೌಂಡು ಎಂಬುದು ಕಟ್ಟಡದ ಬೆಲೆಯಲ್ಲ. ಅದು ಒಂದು ಬಗೆಯ ಬಾಡಿಗೆ. ಪ್ರದರ್ಶನ ಮುಗಿದಮೇಲೆ ಕಬ್ಬಿಣ, ಮರ, ಗಾಜು ಎಲ್ಲವೂ ಗುತ್ತಿಗೆದಾರರಿಗೇ ಮರಳಬೇಕೆಂಬ ಷರತ್ತಿನ ಮೇಲೆ ಬರೆದ ದರ ಅದು. ಕಟ್ಟಡವನ್ನು ಆಯೋಗವೇ ಇಟ್ಟುಕೊಳ್ಳುವುದಾದರೆ 1,50,000 ಪೌಂಡು ಎಂದು ಪಕ್ಕದಲ್ಲೇ ಇನ್ನೊಂದು ದರವನ್ನೂ ಬರೆದಿದ್ದರು. ಎರಡರ ನಡುವಣ ವ್ಯತ್ಯಾಸ 70,200. ಅಂದರೆ ಬಿಚ್ಚಿದ ಸರಕಿಗೆ ಅಷ್ಟು ಬೆಲೆ ಬಂದೀತೆಂದು ಆ ಒಂದು ವಾರದಲ್ಲೇ ಅವರು ಎಣಿಸಿದ್ದರು. 1852ರಲ್ಲಿ ಆ ಕಟ್ಟಡವನ್ನು ಕೊಳ್ಳಲೆಂದೇ ಹುಟ್ಟಿಕೊಂಡ ಒಂದು ಕಂಪನಿ ಅದಕ್ಕೆ ಕೊಟ್ಟ ಬೆಲೆ 70,000 ಪೌಂಡು! ಈ ಎರಡು ಅಂಕಿಗಳನ್ನು ಮೊದಲ ಸಲ ಒಂದರ ಕೆಳಗೊಂದು ಬರೆದು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಹೆಚ್ಚುಕಡಿಮೆ ಎರಡು ವರ್ಷ ಮುಂಚಿತವಾಗಿ, ಇನ್ನೂ ಎರಕವನ್ನೇ ಹೊಯ್ಯದ ಕಬ್ಬಿಣದ ಹಳೆಯ ಬೆಲೆಯನ್ನು ಹೆಚ್ಚುಕಡಿಮೆ ಇನ್ನೂರು ಪೌಂಡುಗಳ ಒಳಗೆ ಹೇಳಿದ್ದರು.

ಅಷ್ಟು ಚಾಣಾಕ್ಷರಾಗಿದ್ದೂ ಆ ಗುತ್ತಿಗೆಯಲ್ಲಿ ಅವರಿಗೆ ಕೈಕಚ್ಚಿತು. ಕಟ್ಟುತ್ತ ಹೋದಂತೆ ಅದು ಸೇರಿಸಿ, ಇದು ಬದಲಿಸಿ ಎಂಬ ಬೇಡಿಕೆಗಳು ಬಂದವು; ಅವಸರಕ್ಕಾಗಿ ದುಬಾರಿಯಾದರೂ ಒಪ್ಪಿಕೊಳ್ಳಬೇಕಾಯಿತು. ಕೊನೆಯ ಖರ್ಚು ಟೆಂಡರಿನ ಮೊತ್ತವನ್ನು ಬಹಳ ದಾಟಿತು. ಅವರ ನಷ್ಟವನ್ನು ಕಂಡು, ಪ್ರದರ್ಶನದ ಲಾಭ ಕೈಯಲ್ಲಿದ್ದ ಆಯೋಗವೇ ಕರಾರಿಗೆ ಮೀರಿದ ಹಣವನ್ನು ಕೊಟ್ಟಿತು. ಗಿರಾಕಿಗೆ ಲಾಭವಾದದ್ದರಿಂದ, ಮತ್ತು ಆ ಗಿರಾಕಿ ಸಜ್ಜನನಾದದ್ದರಿಂದ ಗುತ್ತಿಗೆದಾರ ಬದುಕಿಕೊಂಡನು. ಪ್ರತಿ ಸಲವೂ ಹಾಗಾಗಲಾರದು.

ಹಾಗೆಯೇ ಆಗಲಿಲ್ಲ. ಕೊಂಡ ಕಂಪನಿ ಆ ಅರಮನೆಯನ್ನು ಲಂಡನ್ನಿನ ದಕ್ಷಿಣಕ್ಕಿರುವ ಸಿಡೆನ್‌ಹ್ಯಾಂ ಗುಡ್ಡದ ಮೇಲೆ ಮತ್ತೆ ಕಟ್ಟಿಸಿತು. ಕಟ್ಟಿದವರು ಇದೇ ಫಾಕ್ಸ್ ಹೆಂಡರ್ಸನ್. ಅದೇ ಕಂಬ, ಅದೇ ತೊಲೆ, ಅವರೇ ಜನ. ಲೆಕ್ಕ ಇನ್ನೂ ಸುಲಭವಾಗಬೇಕಿತ್ತಲ್ಲವೇ? ಆದರೆ ಈಗ ಹೈಡ್ ಪಾರ್ಕಿನ ಸಮನೆಲದ ಬದಲು ಗುಡ್ಡದ ಇಳಿಜಾರು. ಉದ್ದನೆಯ ಮಾಡೂ ಈಗ ಕಮಾನಾಯಿತು, ಒಂದು ಅಡ್ಡಸಾಲು ಮೂರಾಯಿತು, ಕಾರಂಜಿಗಳು ಬಂದವು. ಕಾರಂಜಿಗೆ ನೀರು ಬೇಕೆಂದು ಮೊದಲು ಕಟ್ಟಿದ ನೀರಿನ ಗೋಪುರಗಳು ಸಾಲದೆ ಬ್ರೂನೆಲ್ ಬಂದು ಬೇರೆ ಗೋಪುರಗಳನ್ನು ಕಟ್ಟಿದನು. (ಹಳೆಯ ಗುಮ್ಮಟದ ಆಸೆ ಅಲ್ಲಿ ತೀರಿತೋ ಏನೋ.) ಐದು ಲಕ್ಷ ಪೌಂಡು ಬಂಡವಾಳದಿಂದ ಹೊರಟ ಕೆಲಸಕ್ಕೆ ಹದಿಮೂರು ಲಕ್ಷದಷ್ಟು ಸುರಿಯಿತು. 1853ರ ಆಗಸ್ಟಿನಲ್ಲಿ ನಡುವಣ ಅಡ್ಡಸಾಲಿನ ಸಾರುವೆ ಕುಸಿದು ಹನ್ನೆರಡು ಕೆಲಸಗಾರರು ಸತ್ತರು. ಅಂದಾಜು ಪಟ್ಟಿಯ ಚರ್ಚೆಯಲ್ಲಿ ನಾವು ಹಣವನ್ನೇ ಎಣಿಸುತ್ತ ಕೂರುತ್ತೇವೆ. ಈ ಹನ್ನೆರಡನ್ನು ಯಾವ ಅಂಕಣದಲ್ಲಿ ಬರೆಯುವುದು?

ಮುಂದೆ ಬರ್ಮಿಂಗ್‌ಹ್ಯಾಮಿನ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದ ಮಾಡು, ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದ ಮಾಡು, ಇವೆರಡೂ ಅವರ ಕೈಯಿಂದಲೇ ಆದವು. ಡೆನ್ಮಾರ್ಕಿನ ಜೀಲೆಂಡ್ ದ್ವೀಪದಲ್ಲಿ ಒಂದು ರೈಲುಮಾರ್ಗದ ಗುತ್ತಿಗೆಯನ್ನೂ ಹಿಡಿದರು. ಅದರ ಪೆಟ್ಟಿಗೆ 1856ರಲ್ಲಿ ಫಾಕ್ಸ್ ಹೆಂಡರ್ಸನ್ ಸಂಸ್ಥೆ ದಿವಾಳಿಯೆದ್ದಿತು. ಗಾಜಿನ ಅರಮನೆ ತೆರೆದು ಐದೇ ವರ್ಷ. ಹೆಂಡರ್ಸನ್ 1858ರಲ್ಲಿ ತೀರಿಕೊಂಡನು. ಫಾಕ್ಸ್ ತನ್ನ ಮಕ್ಕಳೊಡನೆ ಬೇರೆ ಸಂಸ್ಥೆ ಕಟ್ಟಿ, ಗುತ್ತಿಗೆಯ ಗೋಜು ಬಿಟ್ಟು, ಸಲಹೆ ಕೊಡುವ ಎಂಜಿನಿಯರನಾಗಿ ಬಾಳಿದನು.

ಇದಕ್ಕೆ ಕಾರಣವಾಗಿ ನನಗೆ ತೋರುವುದನ್ನು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಫಾಕ್ಸ್ ಎಣಿಸುವುದರಲ್ಲಿ ನಿಪುಣ. ಹೈಡ್ ಪಾರ್ಕಿನಲ್ಲಿ ಅವನಿಗೆ ದೊರೆತದ್ದು ಎಣಿಸಬಹುದಾದ ಕೆಲಸ. ಎಲ್ಲ ಕಂಬವೂ ಒಂದೇ ಕಂಬ. ರೈಲುಮಾರ್ಗದಲ್ಲಿ ಒಂದು ಮೈಲಿಯ ಹಾಗೆ ಇನ್ನೊಂದು ಮೈಲಿ ಇರುವುದಿಲ್ಲ. ನೆಲದ ಒಳಗೆ ಏನಿದೆ ಎಂಬುದು ಅಗೆದ ಮೇಲೆಯೇ ತಿಳಿಯುತ್ತದೆ. ನಮ್ಮ ಕಡೆ ಬಾವಿ ತೋಡುವ ಒಡ್ಡರು ಅಡಿಗಿಷ್ಟು ಎಂದು ದರ ಹೇಳುವಾಗ "ಬಂಡೆ ಬಂದರೆ ಬೇರೆ ಮಾತು" ಎಂದು ಮೊದಲೇ ಹೇಳಿಬಿಡುತ್ತಿದ್ದರು. ನಮ್ಮ ತಂದೆಯವರು ಆ ಮಾತಿಗೆ ಸಿಟ್ಟಾಗುತ್ತಿದ್ದರು, ಇದೆಂಥ ಗುತ್ತಿಗೆ ಎಂದು. ಈಗ ಯೋಚಿಸಿದರೆ ಓದುಬರಹವಿಲ್ಲದ ಆ ಒಡ್ಡರೇ ನೇರವಾಗಿ ಮಾತಾಡಿದವರು ಎನಿಸುತ್ತದೆ. ನನ್ನ ವಿದ್ಯಾರ್ಥಿಯ ಕೆಲಸ ಗಾಜಿನ ಹಾಳೆಯ ಜಾತಿಯದೋ ಬಾವಿಯ ಜಾತಿಯದೋ ನಾನರಿಯೆ. ಅವನು ಹೇಳಿದ ರೀತಿ ನೋಡಿದರೆ ಬಾವಿಯದೇ. ಪಟ್ಟಿಯನ್ನು ಮಾತ್ರ ಗಾಜಿನ ಹಾಳೆಯದೆಂಬಂತೆ ಬರೆಸಿಕೊಳ್ಳುತ್ತಾರೆ. ನಾಲ್ವರನ್ನು ಸೇರಿಸಿದಮೇಲೆ ನಿಧಾನವಾಯಿತೆಂದನಲ್ಲ, ಬಾವಿಯೊಳಗೆ ಎಷ್ಟು ಜನ ಇಳಿಯಬಹುದು? ಹುಡುಗ ಏಳನೆಯ ತರಗತಿಯಲ್ಲಿ ಕೇಳಿದ್ದು ಇದನ್ನೇ.

ಗಾಜಿನ ಅರಮನೆಗೂ ನಮಗೂ ಒಂದು ನಂಟಿದೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ಅದರ ಮಾದರಿಯಲ್ಲಿ ಕಟ್ಟಿದರೆಂಬುದು ನಿಮಗೆಲ್ಲ ತಿಳಿದದ್ದೇ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಜಾನ್ ಕ್ಯಾಮರನ್ ತೋಟದ ಮೇಲ್ವಿಚಾರಕರಾಗಿದ್ದಾಗ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಅದರ ಅಡಿಗಲ್ಲು ಇಟ್ಟನು. ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಯಾರಸನ್ ಎರಕದ ಕಾರ್ಖಾನೆಯಲ್ಲಿ ಸಿದ್ಧವಾಗಿ ಹಡಗಿನಲ್ಲಿ ಬಂದವು, ಇಲ್ಲಿ ಜೋಡಿಸಿದರು. ಎಣಿಸಿ ಕಳಿಸಿದ ಕಂಬ, ಎಣಿಸಿ ಇಳಿಸಿಕೊಂಡ ಕಂಬ. ಸಿಡೆನ್‌ಹ್ಯಾಮಿನ ಅರಮನೆ 1936ರಲ್ಲಿ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಅದೂ ನವೆಂಬರ್ 30ರಂದೇ. ಲಾಲ್‌ಬಾಗಿನದು ಇಂದಿಗೂ ನಿಂತಿದೆ. ಜನವರಿ, ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನಕ್ಕೆ ನಿಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿರುವಿರಿ.

ನಾನೂ ಎಷ್ಟೋ ಸಲ ಹೋಗಿದ್ದೇನೆ, ಹೂವು ನೋಡಿ ಬಂದಿದ್ದೇನೆ. ಕಂಬದಿಂದ ಕಂಬಕ್ಕೆ ಎಷ್ಟು ಅಡಿ ಎಂದು ನೋಡುವ ಬುದ್ಧಿ ಒಮ್ಮೆಯೂ ಬರಲಿಲ್ಲ. ಜನವರಿಯಲ್ಲಿ ಮಗನ ಮನೆಗೆ ಹೋಗುವುದಿದೆ. ಅಳತೆಯ ಟೇಪನ್ನು ಚೀಲದಲ್ಲಿ ಹಾಕಿಟ್ಟಿದ್ದೇನೆ. ಅದರ ಇನ್ನೊಂದು ತುದಿ ಹಿಡಿದುಕೊಳ್ಳಲು ಒಬ್ಬರು ಬೇಕು. ಬೆಂಚಿನ ಮೇಲೆ ನಿಂತಿದ್ದವನು ಬಿಡುವಿದ್ದರೆ ಬರುತ್ತೇನೆಂದು ಫೋನಿನಲ್ಲಿ ಒಪ್ಪಿಕೊಂಡಿದ್ದಾನೆ. ಎಷ್ಟು ಹೊತ್ತು ಹಿಡಿದೀತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.